ಸಂಭಾವನೆ ಕೊಟ್ಟ ಮಾತ್ರಕ್ಕೆ ಕೃತಿ ಯಾರದಾಗುತ್ತದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಮೈಸೂರಿನಲ್ಲಿ ನೆಲೆಸಿ, ಹದಿನೆಂಟು ವರ್ಷಗಳಿಂದ ಇಂಗ್ಲಿಷ್ ಮತ್ತು ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡಿಯೇ ಜೀವನ ನಡೆಸುತ್ತಿರುವವಳು. ಯಾವ ಸಂಸ್ಥೆಯ ನೌಕರಳೂ ಅಲ್ಲ. ಪುಟಕ್ಕೆ ಇಷ್ಟು, ಪದಕ್ಕೆ ಇಷ್ಟು ಎಂದು ಮಾತಾಡಿಕೊಂಡು ಕೆಲಸ ಒಪ್ಪಿಕೊಳ್ಳುತ್ತೇನೆ. ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನಲ್ಲಿ, ನನಗೆ ಅನುಕೂಲವಾದ ಹೊತ್ತಿನಲ್ಲಿ ಮುಗಿಸಿ ಕಳಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಜೊತೆಗಿದ್ದ ಗೆಳತಿ ತಾವು ಕೇಳುತ್ತಿದ್ದ ಆಡಿಯೊ ಪುಸ್ತಕವೊಂದನ್ನು ನನಗೂ ಕೇಳಿಸಿದರು. ನಾಲ್ಕು ವಾಕ್ಯ ಮುಗಿಯುವಷ್ಟರಲ್ಲಿ ಅದು 2016ರಲ್ಲಿ ನಾನೇ ಮಾಡಿಕೊಟ್ಟ ಅನುವಾದವೆಂದು ಗೊತ್ತಾಯಿತು. ಮೂಲ ಕಾದಂಬರಿಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನು ಗದರುವ ಮಾತಿಗೆ ನಾನು ಕೆ.ಆರ್. ಪೇಟೆ ಕಡೆಯ ನಮ್ಮಜ್ಜಿಯ ಬೈಗುಳವನ್ನೇ ಇಟ್ಟಿದ್ದೆ. ಅದು ಬೇರೊಬ್ಬರ ಅನುವಾದದಲ್ಲಿ ಬರಲು ಸಾಧ್ಯವೇ ಇಲ್ಲ. ಮೂಲ ಲೇಖಕರ ಹೆಸರು, ಓದಿದವರ ಹೆಸರು, ಪ್ರಕಾಶಕರ ಹೆಸರು ಎಲ್ಲವನ್ನೂ ಹೇಳಿದ್ದರು. ಅನುವಾದಕಿಯ ಹೆಸರು ಇರಲಿಲ್ಲ.

ಪ್ರಕಾಶಕರಿಗೆ ಫೋನ್ ಮಾಡಿದೆ. ಅವರು ಸಜ್ಜನರು, ನನಗೆ ಕೊಡಬೇಕಾದ ಹಣವನ್ನು ಒಮ್ಮೆಯೂ ಉಳಿಸಿಕೊಂಡವರಲ್ಲ. "ಅಲ್ಲಮ್ಮಾ, ನಿಮ್ಮ ಸಂಭಾವನೆ ಆಗಲೇ ಪೂರ್ತಿ ಕೊಟ್ಟಾಗಿದೆ, ವೋಚರಿಗೆ ನೀವೇ ಸಹಿ ಹಾಕಿದ್ದೀರಿ. ಗಾರೆ ಕೆಲಸದವರು ಮನೆ ಕಟ್ಟಿ ಕೂಲಿ ತಗೊಂಡ ಮೇಲೆ ಆ ಮನೆಯಲ್ಲಿ ಪಾಲು ಕೇಳ್ತಾರಾ?" ಎಂದರು. ಅವರ ಮಾತಿನಲ್ಲಿ ಸಿಟ್ಟಾಗಲಿ ಕಪಟವಾಗಲಿ ಇರಲಿಲ್ಲ. ಹಾಗೆಂದೇ ಅವರು ನಂಬಿದ್ದರು. ಕನ್ನಡದ ಪ್ರಕಾಶಕರಲ್ಲಿ, ಸಂಸ್ಥೆಗಳಲ್ಲಿ, ಕೆಲಸ ಮಾಡಿಕೊಡುವ ನಮ್ಮಂಥವರಲ್ಲಿಯೂ ಬೇರೂರಿರುವ ಈ ನಂಬಿಕೆ ತಪ್ಪು ಎಂದು ತೋರಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ನೇ ಇಸವಿಯದು. ಅದರ 17ನೇ ಸೆಕ್ಷನ್ ಮೊದಲಿಗೇ ಹೇಳುವುದು ಇಷ್ಟು: ಕೃತಿಯ ಕರ್ತೃವೇ ಅದರ ಕೃತಿಸ್ವಾಮ್ಯದ ಮೊದಲ ಒಡೆಯ. ಆಮೇಲೆ ಅಪವಾದಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ನೌಕರರಿಗೆ ಸಂಬಂಧಿಸಿದ್ದು. ನೌಕರಿಯ ಕರಾರಿನಲ್ಲಿರುವವರು ಆ ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ಆದರೆ ಈ ಅಪವಾದ ನೌಕರಿಯ ಕರಾರಿಗೆ ಮಾತ್ರ ಅನ್ವಯವಾಗುತ್ತದೆ, ಒಂದು ಕೆಲಸವನ್ನು ಮಾಡಿಕೊಡುವ ಕರಾರಿಗೆ ಅನ್ವಯವಾಗುವುದಿಲ್ಲ. ಸ್ವತಂತ್ರವಾಗಿ ದುಡಿಯುವ ಅನುವಾದಕ, ಲೇಖಕ, ಪ್ರೋಗ್ರಾಮರ್ ಯಾರೇ ಇರಲಿ, ಬರೆದುಕೊಡದ ಹೊರತು ಹಕ್ಕು ಅವರಲ್ಲಿಯೇ ಉಳಿಯುತ್ತದೆ. ಅನುವಾದಕ್ಕೆ ಮೂಲ ಲೇಖಕರ ಅನುಮತಿ ಬೇಕು ಎಂಬುದು ನಿಜ, ಕಥೆ ನನ್ನದೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಆ ಕಥೆಯನ್ನು ಹೇಳಿದ ಕನ್ನಡ ನನ್ನದು, ಕಾನೂನಿನ ದೃಷ್ಟಿಯಲ್ಲಿ ಅದು ಪ್ರತ್ಯೇಕ ಸಾಹಿತ್ಯ ಕೃತಿ. ನಾನು ತೀರಿಕೊಂಡ ಮೇಲೂ 60 ವರ್ಷ ಬಾಳುವ ಹಕ್ಕು ಅದು.

ಯಾರು ನೌಕರರು, ಯಾರು ಅಲ್ಲ ಎಂಬುದನ್ನು ಕಾಗದದ ಮೇಲಿನ ಹೆಸರು ನೋಡಿ ನಿರ್ಧರಿಸಲಾಗದು. ಕೆಲಸ ಏನು ಎಂಬುದನ್ನಷ್ಟೇ ಅಲ್ಲ, ಹೇಗೆ ಮಾಡಬೇಕು ಎಂಬುದನ್ನೂ ಹೇಳುವ ಅಧಿಕಾರ ಯಾರಿಗಿದೆ ಎಂಬುದನ್ನು ಸುಪ್ರೀಂ ಕೋರ್ಟು 1956ರಲ್ಲಿಯೇ, ಗುಜರಾತಿನ ಉಪ್ಪಿನ ಗದ್ದೆಗಳ ಕೆಲಸಗಾರರ ಪ್ರಕರಣದಲ್ಲಿ ಒಂದು ಅಳತೆಗೋಲಾಗಿ ಇಟ್ಟಿತು. 1973ರಲ್ಲಿ ಹೊಲಿಗೆ ಅಂಗಡಿಯೊಂದರ ದರ್ಜಿಗಳ ಪ್ರಕರಣ ಬಂದಾಗ, ಹತೋಟಿಯೊಂದೇ ಅಳತೆಯಲ್ಲ, ಯಂತ್ರ ಯಾರದು ಎಂಬಂಥ ಸಂಗತಿಗಳನ್ನೂ ನೋಡಬೇಕು, ತುಂಡು ಲೆಕ್ಕದಲ್ಲಿ ಹಣ ಪಡೆದ ಮಾತ್ರಕ್ಕೆ ಒಬ್ಬರು ನೌಕರರಲ್ಲ ಎನ್ನಲಾಗದು ಎಂದಿತು. ಈ ತೀರ್ಪುಗಳು ಕಾರ್ಮಿಕರ ರಕ್ಷಣೆಗಾಗಿ ಬಂದವು, ಆದರೆ ಅದೇ ಅಳತೆಗಳು ನಮ್ಮ ವಿಷಯಕ್ಕೂ ಒದಗುತ್ತವೆ. ದಿನವೂ ಕಚೇರಿಗೆ ಬಂದು, ಅವರದೇ ಕಂಪ್ಯೂಟರಿನ ಮುಂದೆ ಕೂತು, ಸಂಪಾದಕರು ಹೇಳಿದಂತೆ ಬರೆಯುವ ಹುಡುಗನನ್ನು 'ಫ್ರೀಲಾನ್ಸ್' ಎಂದು ಕರೆದರೂ ಅವನು ನಿಜದಲ್ಲಿ ನೌಕರನೇ ಆಗಿರಬಹುದು. ನನ್ನ ವಿಷಯದಲ್ಲಿ ಅಂಥ ಗೊಂದಲವೇ ಇಲ್ಲ. ನನಗೆ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ರಜೆ ಇಲ್ಲ. ನನ್ನ ಹಣದಿಂದ ಟಿಡಿಎಸ್ ಮುರಿಯುವಾಗ ಸಂಬಳವೆಂದಲ್ಲ, ವೃತ್ತಿಪರ ಶುಲ್ಕವೆಂದೇ ಮುರಿಯುತ್ತಾರೆ. ತೆರಿಗೆಯ ಲೆಕ್ಕದಲ್ಲಿ ನಾನು ಹೊರಗಿನವಳು, ಹಕ್ಕಿನ ಲೆಕ್ಕ ಬಂದಾಗ ಮಾತ್ರ ಮನೆಯ ಆಳು ಎನ್ನುವುದು ಯಾವ ನ್ಯಾಯ?

ಗಾರೆಯವರ ಹೋಲಿಕೆಗೆ ಬರುತ್ತೇನೆ, ಏಕೆಂದರೆ ಅದನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಕಟ್ಟಿಸಿದ ಮನೆ ಕಟ್ಟಿಸಿದವರದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮನೆಯ ನಕ್ಷೆಯನ್ನು ಬರೆದ ವಾಸ್ತುಶಿಲ್ಪಿಯನ್ನು ಈ ಹೋಲಿಕೆ ಮರೆತುಬಿಡುತ್ತದೆ. ಶುಲ್ಕ ಕೊಟ್ಟವರು ಆ ನಕ್ಷೆಯಂತೆ ಒಂದು ಮನೆ ಕಟ್ಟಿಕೊಳ್ಳಬಹುದು. ಅದೇ ನಕ್ಷೆಯನ್ನು ಇಟ್ಟುಕೊಂಡು ಬಡಾವಣೆಯಲ್ಲಿ ಇನ್ನೂ ಹತ್ತು ಮನೆ ಕಟ್ಟಿ ಮಾರಲು ಹೊರಟರೆ ನಕ್ಷೆಯ ಕರ್ತೃವನ್ನು ಕೇಳಬೇಕು. ನನ್ನ ಹಸ್ತಪ್ರತಿ ಪ್ರಕಾಶಕರ ಬೀರುವಿನಲ್ಲಿದೆ, ಅದು ಅವರದೇ ಆಗಿರಲಿ. ಪುಸ್ತಕವನ್ನು ಅಚ್ಚು ಹಾಕಲು ನನ್ನ ಸಮ್ಮತಿ ಇತ್ತು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಅಚ್ಚಿನ ಪುಸ್ತಕಕ್ಕೆ ಕೊಟ್ಟ ಸಮ್ಮತಿಯಿಂದ ಏಳು ವರ್ಷಗಳ ನಂತರದ ಆಡಿಯೊ ಪುಸ್ತಕ ತಾನಾಗಿ ಹುಟ್ಟುವುದಿಲ್ಲ ಎಂಬುದಷ್ಟೇ ನನ್ನ ಮಾತು.

ವೋಚರಿನ ಸಹಿಯ ಬಗ್ಗೆಯೂ ಹೇಳಬೇಕು. ರೆವಿನ್ಯೂ ಸ್ಟಾಂಪಿನ ಮೇಲೆ ನಾವು ಹಾಕುವ ಸಹಿ ಹಣ ಸಂದಿತೆಂಬುದಕ್ಕೆ ಸಾಕ್ಷಿ, ಹಕ್ಕು ಬಿಟ್ಟುಕೊಟ್ಟೆವೆಂಬುದಕ್ಕಲ್ಲ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕೃತಿಸ್ವಾಮ್ಯದ ವರ್ಗಾವಣೆ ಬರಹದಲ್ಲಿರಬೇಕು, ಹಕ್ಕು ಕೊಡುವವರ ಸಹಿ ಇರಬೇಕು, ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂಬುದು ಅದರಲ್ಲಿ ಕಾಣಿಸಬೇಕು. ಅವಧಿಯನ್ನು ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ಕಾನೂನೇ ಗ್ರಹಿಸುತ್ತದೆ. ಹಕ್ಕು ಪಡೆದವರು ಅದನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯಂತೂ ವರ್ಗಾವಣೆಯ ಹೊತ್ತಿಗೆ ಬಳಕೆಯಲ್ಲೇ ಇರದಿದ್ದ ಮಾಧ್ಯಮಕ್ಕೆ ಅದು ಅನ್ವಯಿಸದು, ಹೆಸರಿಸಿ ಬರೆದಿದ್ದರೆ ಮಾತ್ರ ಅನ್ವಯ ಎಂದು ಸೇರಿಸಿತು. ಇಷ್ಟೆಲ್ಲ ಎಚ್ಚರವಹಿಸಿದ ಕಾನೂನು ಇರುವಾಗ 'ಸಂಭಾವನೆ ಪೂರ್ಣ ಸಂದಿದೆ' ಎಂಬ ಒಂದು ಸಾಲಿನ ಚೀಟಿಯನ್ನು ಕ್ರಯಪತ್ರದಂತೆ ನೋಡಲು ಬರುವುದಿಲ್ಲ.

ಇದೇ ಕಾನೂನು ಎಲ್ಲ ಸ್ವತಂತ್ರ ವೃತ್ತಿಯವರ ಪರವಾಗಿಲ್ಲ ಎಂಬುದನ್ನು ಮುಚ್ಚಿಟ್ಟರೆ ನಾನು ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನನ್ನ ತಮ್ಮ ಶಿವಮೊಗ್ಗದಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಾನೆ. 17ನೇ ಸೆಕ್ಷನ್ನಿನ ಇನ್ನೊಂದು ಅಪವಾದದ ಪ್ರಕಾರ, ಹಣ ಕೊಟ್ಟು ಹೇಳಿ ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಎನ್‌ಗ್ರೇವಿಂಗ್ ಮತ್ತು ಚಲನಚಿತ್ರಗಳಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಮೊದಲ ಒಡೆಯರು. ಹಾಗಾಗಿ ತಾನು ತೆಗೆದ ವಧುವಿನ ಫೋಟೊವನ್ನು ತಮ್ಮ ತನ್ನ ಸ್ಟುಡಿಯೊದ ಗಾಜಿನ ಕಿಟಕಿಯಲ್ಲಿ ಹಾಕಬೇಕಾದರೂ ಆ ಮನೆಯವರನ್ನು ಕೇಳಬೇಕು. ಇದನ್ನು ಅವನಿಗೆ ಹೇಳಿದಾಗ ಅವನು ಒಪ್ಪಲೇ ಇಲ್ಲ. "ಅಕ್ಕ, ಕ್ಯಾಮೆರಾ ನಂದು, ಕಣ್ಣು ನಂದು" ಎಂದ. ಅವನ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಹುಡುಗಿಯ ಮನೆಯವರ ಸಂಕೋಚವೂ ಅರ್ಥವಾಗುತ್ತದೆ. ನಾವು ಈ ನಿಯಮವನ್ನು ಪಡೆದದ್ದು ಬ್ರಿಟನ್ನಿನ ಹಳೆಯ ಕಾಯ್ದೆಯಿಂದ. ಬ್ರಿಟನ್ 1988ರ ಹೊಸ ಕಾಯ್ದೆಯಲ್ಲಿ ಇದನ್ನು ಕೈಬಿಟ್ಟು, ಕೃತಿಸ್ವಾಮ್ಯವನ್ನು ಛಾಯಾಗ್ರಾಹಕರಿಗೆ ಕೊಟ್ಟು, ಮನೆಯ ಖಾಸಗಿ ಸಮಾರಂಭಗಳಿಗಾಗಿ ತೆಗೆಸಿದ ಫೋಟೊಗಳನ್ನು ಬಹಿರಂಗಪಡಿಸದಂತೆ ತಡೆಯುವ ಹಕ್ಕನ್ನು ತೆಗೆಸಿದವರಿಗೆ ಉಳಿಸಿತು. ಇಬ್ಬರಿಗೂ ಸಲ್ಲಬೇಕಾದ್ದನ್ನು ಸಲ್ಲಿಸುವ ಈ ದಾರಿ ನಮ್ಮ ಸಂಸತ್ತಿನ ಗಮನಕ್ಕೆ ಬರಬೇಕು.

ಈ ಅಪವಾದದಲ್ಲಿ ಅಡಗಿರುವ ಇನ್ನೊಂದು ಅನ್ಯಾಯವೂ ನನ್ನನ್ನು ಕಾಡುತ್ತದೆ. ಮಕ್ಕಳ ಪುಸ್ತಕಕ್ಕೆ ಕಥೆ ಬರೆದುಕೊಟ್ಟವರ ಹಕ್ಕು ಅವರಲ್ಲೇ ಉಳಿಯುತ್ತದೆ. ಅದೇ ಪುಸ್ತಕಕ್ಕೆ ಹೇಳಿಸಿಕೊಂಡು ಬಣ್ಣದ ಚಿತ್ರ ಬರೆದುಕೊಟ್ಟವರ ಹಕ್ಕು ಪ್ರಕಾಶಕರಿಗೆ ಹೋಗುತ್ತದೆ. ಅಪವಾದದ ಪಟ್ಟಿಯಲ್ಲಿ ವರ್ಣಚಿತ್ರವಿದೆ, ಆದರೆ ರೇಖಾಚಿತ್ರವೆಂಬ ಪದವಿಲ್ಲ. ಹಾಗಿದ್ದರೆ ಮಸಿಯಲ್ಲಿ ಗೆರೆ ಎಳೆದವರು ಒಡೆಯರು, ಅದಕ್ಕೆ ಜಲವರ್ಣ ಹಚ್ಚಿದವರು ಒಡೆಯರಲ್ಲ ಎಂದಾಗುತ್ತದೆಯೇ? ಒಂದೇ ಪುಸ್ತಕ, ಒಂದೇ ಬಗೆಯ ಶ್ರಮ, ಒಂದೇ ವಾರ ಬಂದ ಎರಡು ಚೆಕ್ಕುಗಳು. ಸೀರೆಯ ಅಂಚು, ಪೀಠೋಪಕರಣದ ಆಕಾರ ಮೊದಲಾದ ವಿನ್ಯಾಸಗಳಿಗಂತೂ 2000ದ ವಿನ್ಯಾಸ ಕಾಯ್ದೆಯೇ ಬೇರೆ, ಅಲ್ಲಿ ಪ್ರತಿಫಲ ಕೊಟ್ಟು ಮಾಡಿಸಿದವರೇ ಒಡೆಯರು. ಚಿತ್ರ ಕಲಾವಿದರು ಕುಂಚ ಹಿಡಿಯುವ ಮೊದಲು ಎರಡು ಸಾಲು ಬರೆಸಿಕೊಳ್ಳದಿದ್ದರೆ ಅವರಿಗೆ ಆಗುವ ನಷ್ಟ ನಮ್ಮಂಥ ಬರಹಗಾರರಿಗೆ ಆಗುವುದಕ್ಕಿಂತ ದೊಡ್ಡದು ಎಂಬುದು ಎಲ್ಲ ಕಲಾವಿದ ಮಿತ್ರರಿಗೂ ತಲುಪಬೇಕು.

ಹಕ್ಕು ಹೋದರೂ ಹೆಸರು ಹೋಗುವುದಿಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ದೆಹಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರು ಸರ್ಕಾರದ ಕೋರಿಕೆಯಂತೆ ಕಂಚಿನ ದೊಡ್ಡ ಭಿತ್ತಿಶಿಲ್ಪವೊಂದನ್ನು ಮಾಡಿಕೊಟ್ಟಿದ್ದರು. ಅವರು ಸರ್ಕಾರದ ನೌಕರರಲ್ಲ, ಹಣ ಪಡೆದು ಕೆಲಸ ಮಾಡಿಕೊಟ್ಟ ಕಲಾವಿದರು. 1979ರಲ್ಲಿ ಆ ಶಿಲ್ಪವನ್ನು ಕಿತ್ತು ಗೋದಾಮಿಗೆ ಹಾಕಿದರು, ಅದು ಹಾಳಾಯಿತು. ಶಿಲ್ಪ ತನ್ನದು, ಏನು ಬೇಕಾದರೂ ಮಾಡಬಹುದು ಎಂಬುದು ಸರ್ಕಾರದ ವಾದವಾಗಿತ್ತು. ದೆಹಲಿ ಹೈಕೋರ್ಟು 2005ರಲ್ಲಿ ಅದನ್ನು ಒಪ್ಪಲಿಲ್ಲ. ಕೃತಿಸ್ವಾಮ್ಯ ಕೈಬಿಟ್ಟ ಮೇಲೂ ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸದಂತೆ ತಡೆಯುವ ವಿಶೇಷ ಹಕ್ಕು ಕರ್ತೃವಿಗೆ 57ನೇ ಸೆಕ್ಷನ್ನಿನಿಂದ ಇದೆ ಎಂದು ಎತ್ತಿಹಿಡಿದು, ಶಿಲ್ಪದ ಅವಶೇಷಗಳನ್ನು ಮರಳಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಆಡಿಯೊ ಪುಸ್ತಕದಲ್ಲಿ ನನ್ನ ಹೆಸರು ಹೇಳದೆ ಬಿಟ್ಟದ್ದನ್ನು ಕುರಿತು ನಾನು ಕೇಳುತ್ತಿರುವುದು ಈ ಹಕ್ಕಿನಿಂದ, ದಾಕ್ಷಿಣ್ಯದಿಂದ ಅಲ್ಲ.

ಬರೆದುಕೊಳ್ಳದಿದ್ದರೆ ತೊಂದರೆ ಕೆಲಸ ಕೊಟ್ಟವರಿಗೂ ಇದೆ. ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬೆಂಗಳೂರಿನಲ್ಲಿ ಸ್ವಂತ ಕಂಪನಿ ಆರಂಭಿಸುವ ಯುವಕರು ಮೊದಲ ಆ್ಯಪ್ ಅನ್ನು ಪರಿಚಯದ ಹುಡುಗನೊಬ್ಬನಿಂದ, ಬರೀ ವಾಟ್ಸ್ಆ್ಯಪ್ ಮಾತುಕತೆಯ ಮೇಲೆ ಬರೆಸಿರುತ್ತಾರೆ. ಹೂಡಿಕೆದಾರರು ಬಂದು ಕಾಗದಪತ್ರ ಕೇಳಿದ ದಿನ, ಆ ಕೋಡ್‌ನ ಒಡೆತನ ಕಂಪನಿಗೆ ಬಂದಿರುವುದಕ್ಕೆ ದಾಖಲೆಯೇ ಇಲ್ಲವೆಂದು ತಿಳಿಯುತ್ತದೆ. ಕೆಲವರು ಅಮೆರಿಕದ ಒಪ್ಪಂದವೊಂದನ್ನು ನಕಲು ಮಾಡಿ 'ವರ್ಕ್ ಫಾರ್ ಹೈರ್', ಅಂದರೆ ಹಣ ಕೊಟ್ಟು ಮಾಡಿಸಿದ ಕೃತಿ ಮಾಡಿಸಿದವರದೇ, ಎಂಬ ಮಾತನ್ನು ಸೇರಿಸಿ ನಿಶ್ಚಿಂತರಾಗುತ್ತಾರೆ. ಆ ಮಾತು ನಮ್ಮ ಕಾಯ್ದೆಯಲ್ಲಿ ಇಲ್ಲ. ಅಮೆರಿಕದಲ್ಲಿ ಕೂಡ 1976ರ ಕಾಯ್ದೆ ಹೊರಗಿನವರಿಂದ ಮಾಡಿಸುವ ಕೆಲಸಗಳಲ್ಲಿ ಒಂಬತ್ತು ಬಗೆಗಳಿಗೆ ಮಾತ್ರ, ಅದೂ ಬರಹದ ಒಪ್ಪಂದವಿದ್ದರೆ ಮಾತ್ರ, ಆ ಸೌಲಭ್ಯ ಕೊಡುತ್ತದೆ. ಶಿಲ್ಪಿಯೊಬ್ಬರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1989ರಲ್ಲಿ ಸ್ವತಂತ್ರವಾಗಿ ದುಡಿದವರನ್ನು ನೌಕರರೆಂದು ಪರಿಗಣಿಸಲಾಗದು ಎಂದಿತು. ಹಕ್ಕು ಬೇಕೆನ್ನುವ ಕಂಪನಿಗಳು ನಮ್ಮ 19ನೇ ಸೆಕ್ಷನ್ ಕೇಳುವಂತೆ ನೇರವಾಗಿ ವರ್ಗಾವಣೆಯನ್ನೇ ಬರೆಸಿಕೊಳ್ಳಬೇಕು, ಅದಕ್ಕೆ ತಕ್ಕ ಬೆಲೆಯನ್ನೂ ಕೊಡಬೇಕು.

ಬೆಲೆಯ ಮಾತು ಬಂದದ್ದರಿಂದ, ಈಚಿನ ಒಪ್ಪಂದಗಳಲ್ಲಿ ನಾನು ಕಾಣುತ್ತಿರುವ ಒಂದು ಬೆಳವಣಿಗೆಯನ್ನು ಹೇಳದೆ ಇರಲಾರೆ. ಹಿಂದೆ ಬರಹದ ಒಪ್ಪಂದವೇ ಇರುತ್ತಿರಲಿಲ್ಲ. ಈಗ ಬರುತ್ತಿರುವ ಒಪ್ಪಂದಗಳು ಹದಿನಾಲ್ಕು ಪುಟಗಳ ಇಂಗ್ಲಿಷಿನಲ್ಲಿ, 'ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಪ್ರಪಂಚದಾದ್ಯಂತ, ಶಾಶ್ವತವಾಗಿ' ಎಲ್ಲವನ್ನೂ ಬಿಟ್ಟುಕೊಡುವಂತೆ ಕೇಳುತ್ತವೆ. ಅನುವಾದದ ಜೊತೆಗೆ ಟ್ರಾನ್ಸ್‌ಲೇಷನ್ ಮೆಮೊರಿಯನ್ನೂ, ಅಂದರೆ ಮೂಲವಾಕ್ಯ ಮತ್ತು ಕನ್ನಡ ವಾಕ್ಯಗಳ ಜೋಡಿಗಳ ಕಡತವನ್ನೂ ಒಪ್ಪಿಸಬೇಕು, ಅದನ್ನು ಯಂತ್ರಾನುವಾದದ ತರಬೇತಿಗೆ ಬಳಸಿಕೊಳ್ಳಲು ಸಮ್ಮತಿಸಬೇಕು ಎಂಬ ಷರತ್ತನ್ನು ನನಗೆ ಬಂದ ಒಂದು ಒಪ್ಪಂದದ ಹನ್ನೊಂದನೇ ಪುಟದಲ್ಲಿ ಓದಿದೆ. ದರ ಮಾತ್ರ ಪದಕ್ಕೆ ಹಳೆಯದೇ. ನಾನು ಆ ಷರತ್ತನ್ನು ಹೊಡೆದುಹಾಕಿ ಕಳಿಸಿದೆ. ಒಂದು ವಾರದ ಮೌನದ ನಂತರ ಅವರು ಒಪ್ಪಿದರು. ಕೇಳಿದರೆ ಕೆಲಸ ತಪ್ಪೀತೆಂಬ ಭಯ ನನಗೂ ಇತ್ತು; ಹೊಸದಾಗಿ ಈ ವೃತ್ತಿಗೆ ಬರುವವರಲ್ಲಿ ಅದು ಇನ್ನೂ ಹೆಚ್ಚು ಎಂದು ಬಲ್ಲೆ.

ಪತ್ರಿಕೆಗಳ ವಿಷಯವನ್ನು ತಮ್ಮ ಮುಂದೆಯೇ ಎತ್ತುವುದು ಉದ್ಧಟತನವಾಗಲಾರದು ಎಂದುಕೊಳ್ಳುತ್ತೇನೆ. ಪತ್ರಿಕೆಯ ನೌಕರರಾಗಿರುವ ಪತ್ರಕರ್ತರ ಬರಹಗಳ ವಿಷಯದಲ್ಲಿ ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ಮಾಲೀಕರಿಗೆ ಸಿಗುವುದು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ, ಉಳಿದದ್ದೆಲ್ಲ ಬರೆದವರದು. ಮಲಯಾಳ ಮನೋರಮಾದಲ್ಲಿ ದೀರ್ಘಕಾಲ 'ಬೋಬನ್ ಮತ್ತು ಮೋಳಿ' ಚಿತ್ರಮಾಲೆ ಬರೆದ ವ್ಯಂಗ್ಯಚಿತ್ರಕಾರ ಟಾಮ್ಸ್ ನೌಕರಿ ಬಿಟ್ಟಾಗ ಎದ್ದ ವ್ಯಾಜ್ಯದಲ್ಲಿ, ಆ ನಂತರ ಅವರು ಆ ಪಾತ್ರಗಳನ್ನು ಬರೆಯದಂತೆ ತಡೆಯಲಾಗದು ಎಂದು ಕೇರಳ ಹೈಕೋರ್ಟು 1988ರಲ್ಲಿ ಹೇಳಿತು. ನೌಕರರಿಗೇ ಇಷ್ಟು ಹಕ್ಕು ಇರುವಾಗ ಹೊರಗಿನಿಂದ ಬರೆಯುವ ಅಂಕಣಕಾರರಿಗೆ ಇನ್ನೂ ಹೆಚ್ಚಿರುವುದು ಸಹಜ. ಆದರೂ ತಮ್ಮ ಅಂಕಣಗಳನ್ನು ಸಂಕಲನವಾಗಿ ತರುವಾಗ ಪತ್ರಿಕೆಯ ಅನುಮತಿಗಾಗಿ ತಿಂಗಳುಗಟ್ಟಲೆ ಕಾದ ಲೇಖಕರನ್ನು ನಾನು ಬಲ್ಲೆ. ಪತ್ರಿಕೆಯನ್ನು ಕೃತಜ್ಞತೆಯಿಂದ ನೆನೆಯುವುದು ಸೌಜನ್ಯ, ಅದನ್ನು ಯಾರೂ ಬಿಡಬಾರದು. ಅನುಮತಿ ಬೇಡುವುದು ಮಾತ್ರ, ಬರೆದುಕೊಟ್ಟಿರದಿದ್ದರೆ, ಅಗತ್ಯವಿಲ್ಲ.

ನನ್ನ ಕೋರಿಕೆಗಳು ದೊಡ್ಡವಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವೂ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ಸೇರಿ, ಅನುವಾದಕರು, ಮುಖಪುಟ ಕಲಾವಿದರು, ಒಳಚಿತ್ರ ಬರೆಯುವವರು ಮತ್ತು ಪ್ರಕಾಶಕರು ಎಲ್ಲರೂ ಬಳಸಬಹುದಾದ, ಒಂದೇ ಹಾಳೆಯಲ್ಲಿ ಮುಗಿಯುವ ಮಾದರಿ ಒಪ್ಪಂದವನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ ಹಂಚಲಿ. ಅಚ್ಚು, ಇ-ಪುಸ್ತಕ, ಆಡಿಯೊ, ರಂಗರೂಪ, ಯಂತ್ರದ ತರಬೇತಿ ಎಂದು ಪ್ರತಿಯೊಂದರ ಮುಂದೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವಂತಿರಲಿ. ಎಷ್ಟು ವರ್ಷ, ಎಷ್ಟು ಹಣ, ಹೆಸರು ಎಲ್ಲಿ ಎಂಬುದು ಅದರಲ್ಲಿರಲಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಪುಸ್ತಕ ಪಡೆಯುವಾಗ ಆ ಒಪ್ಪಂದದ ಪ್ರತಿಯನ್ನೂ ಪ್ರಕಾಶಕರಿಂದ ಕೇಳಿ ಪಡೆಯಲಿ. ಯಾವ ದೊಡ್ಡ ಕಾನೂನೂ ಇಲ್ಲದೆ ಈ ರೂಢಿ ಬೇಗ ನೆಲೆಯೂರುತ್ತದೆ. ಸರ್ಕಾರವೇ ಮಾಡಿಸುವ ಕೃತಿಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಸರ್ಕಾರವೇ ಮೊದಲ ಒಡೆಯ ಎಂದು ಕಾಯ್ದೆ ಹೇಳುವುದರಿಂದ, ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವರ ಹೆಸರನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚು ಹಾಕುವುದನ್ನಾದರೂ ತಪ್ಪಿಸಬಾರದು.

ನನ್ನ ಪ್ರಕಾಶಕರ ಮೇಲೆ ದಾವೆ ಹೂಡುವ ಯೋಚನೆ ನನಗಿಲ್ಲ. ಅವರಿಗೆ ಕಳೆದ ವಾರ ಒಂದು ಕಾಗದ ಬರೆದು, ಆಡಿಯೊ ಪುಸ್ತಕಕ್ಕೆ 5 ವರ್ಷಗಳ ಅನುಮತಿ ಕೊಡುವ ಕರಡನ್ನು ಜೊತೆಗಿಟ್ಟಿದ್ದೇನೆ. ಅದರಲ್ಲಿ ಹಣದ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಅದನ್ನು ಕೂತು ಮಾತಾಡೋಣವೆಂದು. ಆರಂಭದಲ್ಲಿ ಅನುವಾದಕಿಯ ಹೆಸರನ್ನು ಸೇರಿಸಿ ಮತ್ತೆ ಧ್ವನಿಮುದ್ರಿಸಬೇಕೆಂಬ ಸಾಲನ್ನು ಮಾತ್ರ ಖಾಲಿ ಬಿಟ್ಟಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ವತಂತ್ರ ಅನುವಾದಕಿ, ಮೈಸೂರು